ದೀಪದ ಎಣ್ಣೆ ಯಾರದು?

ಬಯಲಾಟ ನೋಡಲು ಕುಳಿತವರಲ್ಲಿ ಎಷ್ಟು ಜನಕ್ಕೆ ಈ ಪ್ರಶ್ನೆ ಹೊಳೆದಿದೆಯೋ ಕಾಣೆ. ಭಾಗವತರು ಹಾಡುತ್ತಾರೆ, ಚಂಡೆ ಕೇಳಿಸುತ್ತದೆ, ಗಂಡಸೊಬ್ಬ ದ್ರೌಪದಿಯಾಗಿ ರಂಗಕ್ಕೆ ಬಂದು ನಮ್ಮ ಕಣ್ಣಲ್ಲಿ ನೀರು ತರಿಸುತ್ತಾನೆ. ಈ ದೀಪಕ್ಕೆ ಎಣ್ಣೆ ಹಾಕಿದವರು ಯಾರು? ಹರಕೆಯ ಆಟವಾದರೆ ಹರಕೆ ಹೊತ್ತ ಮನೆಯವರು. ಡೇರೆಯ ಆಟವಾದರೆ ಟಿಕೇಟು ಕೊಂಡ ನಾವು, ನೀವು. ಯಾರೋ ಒಬ್ಬರು ಹಣ ತೆತ್ತಿದ್ದರಿಂದಲೇ ರಾತ್ರಿ ಬೆಳಗಾಗುವವರೆಗೆ ಎಲ್ಲರೂ ಎಚ್ಚರವಾಗಿದ್ದರು.

ಈಗಿನ ಹುಡುಗರ ಬಾಯಲ್ಲಿ 'ಎಣ್ಣೆ' ಎಂದರೆ ಮದ್ಯ. ತರಗತಿಯಲ್ಲಿ ದೀಪದೆಣ್ಣೆಯ ವರ್ಣನೆ ಬಂದರೆ ಸಾಕು, ಹಿಂದಿನ ಬೆಂಚು ಕಿಸಕ್ಕೆನ್ನುತ್ತದೆ. ಈ ಭಾಷಣದ ಮಟ್ಟಿಗೆ ನನಗೆ ಎರಡು ಅರ್ಥವೂ ಬೇಕು. ಏಕೆಂದರೆ ಇಂದು ನಾನು ಹೇಳಹೊರಟಿರುವುದು, ರಾತ್ರಿಯ ದೀಪವನ್ನು ಬಹುಕಾಲ ಮದ್ಯವೇ ಉರಿಸಬೇಕಾಗಿ ಬಂದ ಒಂದು ಜನದ ಮಾತು.

ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದ. ಹೆಸರು ಬೇಡ. ಹದಿನಾಲ್ಕು ವರ್ಷದಿಂದ ನ್ಯೂಯಾರ್ಕಿನಲ್ಲಿ ಅವನಿಗೆ ಕೆಲಸ. ೨೦೧೪ರಲ್ಲಿ ಅವನು ನನಗೊಂದು ಪತ್ರ ಬರೆದು, ತನ್ನ ಪ್ರೀತಿ ಹೆಣ್ಣಿನ ಮೇಲಲ್ಲ, ಗಂಡಿನ ಮೇಲೆ ಹುಟ್ಟುವಂಥದು ಎಂದು ತಿಳಿಸಿದ್ದ. ಆಗ ನಮ್ಮ ದೇಶದ ಕಾಯಿದೆಯೂ ಅವನ ಕಡೆಗಿರಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು ೨೦೧೮ರ ಸೆಪ್ಟೆಂಬರ್ ೬ರಂದು. ಅವನ ಪತ್ರಕ್ಕೆ ಉತ್ತರ ಬರೆಯಲು ನನಗೆ ಎಂಟು ತಿಂಗಳು ಹಿಡಿಯಿತು. ಮೂವತ್ತು ವರ್ಷ ಭಾಷೆ ಕಲಿಸಿದವನಿಗೆ ಎರಡು ಸಾಲು ಸಿಗಲಿಲ್ಲವೆಂದರೆ ಅದು ಪದಗಳ ಬಡತನವಲ್ಲ. ಅದನ್ನು ಅವನೂ ಬಲ್ಲ, ನಾನೂ ಬಲ್ಲೆ.

ಈ ಸಲ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತ ಅವನೆಂದ: "ಮೇಷ್ಟ್ರೇ, ಕುಡಿಯೋದು ಬಿಟ್ಟು ಮೂರು ವರ್ಷ ಆಯ್ತು. ಮೈ ಸುಧಾರಿಸಿತು. ಆದ್ರೆ ಶನಿವಾರ ರಾತ್ರಿ ಹೋಗೋಕೆ ಜಾಗ ಇಲ್ಲ."

"ಅಷ್ಟು ದೊಡ್ಡ ಊರಿನಲ್ಲಿ ಜಾಗ ಇಲ್ಲವೇ ಮಾರಾಯ? ಲೈಬ್ರರಿಗೆ ಹೋಗು" ಎಂದೆ.

"ಲೈಬ್ರರೀಲಿ ಕುಣಿಯೋಕೆ ಬಿಡ್ತಾರಾ ಮೇಷ್ಟ್ರೇ?"

ನಾನು ನಕ್ಕೆ. ಆದರೆ ಅವನು ನಗಿಸಲು ಹೇಳಿದ್ದಲ್ಲ. ತನ್ನಂಥವರು ತನ್ನಂಥವರನ್ನು ಕಾಣುವುದು, ಹಾಡು ಕೇಳುವುದು, ವೇಷ ನೋಡುವುದು, ಪರಿಚಯವಾಗುವುದು, ದುಃಖ ಹೇಳಿಕೊಳ್ಳುವುದು, ಎಲ್ಲವೂ ಬಾರಿನಲ್ಲಿ. ಬಾರು ಬಿಟ್ಟವನಿಗೆ ಕುಡಿತದ ಜೊತೆಗೆ ಬಂಧುಬಳಗವೂ ಬಿಟ್ಟುಹೋಗಿತ್ತು. ಹೀಗೇಕೆ ಎಂದು ಕೇಳಿದೆ. ಅವನು ಸ್ವಲ್ಪ ಹೇಳಿದ, ಆಮೇಲೆ ಒಂದೆರಡು ಪುಸ್ತಕ ಕಳಿಸಿದ. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಅವರು ತಮ್ಮನ್ನು 'ಕ್ವಿಯರ್' ಎಂದು ಕರೆದುಕೊಳ್ಳುತ್ತಾರೆ. ವಿಚಿತ್ರ, ವಕ್ರ ಎಂಬ ಅರ್ಥದ ಈ ಮಾತು ಹಿಂದೆ ಬೈಗುಳವಾಗಿತ್ತು; ಬೈಸಿಕೊಂಡವರೇ ಅದನ್ನು ಕಿತ್ತುಕೊಂಡು ಹೆಸರಾಗಿ ಇಟ್ಟುಕೊಂಡರು. ಗಂಡಸು ಹೆಣ್ಣಿನ ವೇಷವನ್ನು, ಕೆಲವೊಮ್ಮೆ ಹೆಂಗಸು ಗಂಡಿನ ವೇಷವನ್ನು, ಬೇಕೆಂದೇ ಒಂದು ಕೈ ಹೆಚ್ಚಾಗಿ ಕಟ್ಟಿ ಹಾಡಿ ಕುಣಿದು ರಂಜಿಸುವ ಕಲೆಗೆ ಅಲ್ಲಿ 'ಡ್ರ್ಯಾಗ್' ಎಂದು ಹೆಸರು. ನಮ್ಮ ಸ್ತ್ರೀವೇಷಕ್ಕೂ ಅದಕ್ಕೂ ಭೇದವಿದೆ. ನಮ್ಮ ವೇಷಧಾರಿ ದ್ರೌಪದಿಯಾಗುತ್ತಾನೆ. ಅಲ್ಲಿನವನು ತನ್ನ ಮನಸ್ಸಿನೊಳಗಿನ ಯಾರೋ ಒಬ್ಬಳಾಗುತ್ತಾನೆ. ಭಾಗವತರಿಗೆ ಅದು ಒಪ್ಪಿಗೆಯಾಗಲಾರದು. ಚೌಕಿಯಲ್ಲಿ ಕನ್ನಡಿಯ ಮುಂದೆ ಕುಳಿತವನಿಗೆ ಅರ್ಥವಾದೀತು.

ಇನ್ನು ನ್ಯೂಯಾರ್ಕಿನ ಕಥೆ. ಅಮೆರಿಕದಲ್ಲಿ ೧೯೨೦ರಿಂದ ೧೯೩೩ರವರೆಗೆ ಪಾನನಿಷೇಧವಿತ್ತು. ಅದು ಹೋದ ಮೇಲೆ ನ್ಯೂಯಾರ್ಕ್ ರಾಜ್ಯ ಮದ್ಯದ ಲೈಸೆನ್ಸು ಕೊಡಲು ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಲೈಸೆನ್ಸು ಪಡೆದ ಜಾಗ 'ಅವ್ಯವಸ್ಥಿತ'ವಾಗಿರಕೂಡದೆಂದು ನಿಯಮ. ಸಲಿಂಗಪ್ರೇಮಿಗಳು ನಾಲ್ಕು ಜನ ಒಟ್ಟಿಗೆ ಕುಳಿತರೆ ಅದೇ ಅವ್ಯವಸ್ಥೆ ಎಂದು ಅಧಿಕಾರಿಗಳು ಅರ್ಥ ಮಾಡಿದರು. ಮರ್ಯಾದಸ್ಥ ವ್ಯಾಪಾರಿ ಲೈಸೆನ್ಸು ಹೋದೀತೆಂದು ಹೆದರಿ ಅವರನ್ನು ಹೊರಗಟ್ಟಿದ. ಹೆದರದವನು ಒಬ್ಬನೇ: ಪೊಲೀಸರಿಗೆ ಮಾಮೂಲು ಕೊಟ್ಟು ಅಂಗಡಿ ನಡೆಸುವ ಮಾಫಿಯಾದವನು. ಅವನು ನೀರು ಬೆರೆಸಿದ ಮದ್ಯವನ್ನು ಇಮ್ಮಡಿ ಬೆಲೆಗೆ ಮಾರಿದ. ಕ್ರಿಸ್ಟೊಫರ್ ಬೀದಿಯ ಸ್ಟೋನ್‌ವಾಲ್ ಎಂಬ ಬಾರಿನಲ್ಲಿ ಲೋಟ ತೊಳೆಯಲು ನಲ್ಲಿಯ ನೀರೂ ಇರಲಿಲ್ಲವಂತೆ. ಒಂದು ತೊಟ್ಟಿಯಲ್ಲಿ ಅದ್ದಿ ತೆಗೆದು ಮತ್ತೆ ಮುಂದಿಡುತ್ತಿದ್ದರು. ೧೯೬೯ರ ಜೂನ್ ೨೮ರಂದು ಅಲ್ಲಿ ಪೊಲೀಸರು ದಾಳಿ ಮಾಡಿದಾಗ ಜನ ತಿರುಗಿಬಿದ್ದದ್ದು ಲೋಕಪ್ರಸಿದ್ಧ. ಅದನ್ನು ಮತ್ತೆ ಹೇಳುವುದಿಲ್ಲ. ಅವರು ಹೋರಾಡಿ ಉಳಿಸಿಕೊಂಡ ಜಾಗ ಅಂಥದ್ದು ಎಂಬುದಷ್ಟೇ ನನಗೆ ಬೇಕಾದದ್ದು.

ವೇಷಕ್ಕೂ ಒಂದು ಕಾಯಿದೆಯಿತ್ತು. ಅದರ ಹುಟ್ಟು ಸ್ವಾರಸ್ಯವಾದದ್ದು. ೧೮೪೦ರ ದಶಕದಲ್ಲಿ ಹಡ್ಸನ್ ನದಿಯ ಬಯಲಿನ ಗೇಣಿದಾರರು ಜಮೀನ್ದಾರರ ವಿರುದ್ಧ ಎದ್ದಿದ್ದರು. ಗುರುತು ಸಿಗದಿರಲೆಂದು ಮುಖಕ್ಕೆ ಮುಖವಾಡ ಹಾಕಿ, ಚೀಟಿಬಟ್ಟೆಯ ನಿಲುವಂಗಿ ತೊಟ್ಟು, ರೆಡ್ ಇಂಡಿಯನ್ನರ ವೇಷದಲ್ಲಿ ಬಂದು ಗೇಣಿ ವಸೂಲಿಯವರನ್ನು ಓಡಿಸುತ್ತಿದ್ದರು. ಅವರನ್ನು ಹಿಡಿಯಲು ೧೮೪೫ರಲ್ಲಿ ವೇಷ ಮರೆಸಿಕೊಳ್ಳುವುದನ್ನು ಅಪರಾಧವಾಗಿಸಿದರು. ಗೇಣಿಯ ಜಗಳ ಮುಗಿಯಿತು, ಕಾಯಿದೆ ಉಳಿಯಿತು. ನೂರು ವರ್ಷದ ಮೇಲೂ ಲಂಗ ತೊಟ್ಟ ಗಂಡಸನ್ನು ಪೊಲೀಸರು ಅದರಲ್ಲೇ ಹಿಡಿಯುತ್ತಿದ್ದರು. ಗೇಣಿಯ ಸಂಕಟ ಕಂಡ ನಮ್ಮ ಮಲೆನಾಡಿನ ಹಿರಿಯರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

೧೯೬೬ರ ಏಪ್ರಿಲ್ ೨೧ರಂದು ಡಿಕ್ ಲೀಟ್ಶ್, ಕ್ರೇಗ್ ರಾಡ್‌ವೆಲ್ ಮೊದಲಾದವರು ಪತ್ರಕರ್ತರನ್ನು ಜೊತೆಗಿಟ್ಟುಕೊಂಡು ಜೂಲಿಯಸ್ ಎಂಬ ಬಾರಿಗೆ ಹೋದರು. ನಾವು ಸಲಿಂಗಪ್ರೇಮಿಗಳು, ನಮಗೆ ಕುಡಿಯಲು ಕೊಡಿ ಎಂದು ಕೇಳಿದರು. ಲೋಟ ಮುಂದಿಟ್ಟಿದ್ದ ಪರಿಚಾರಕ ಆ ಮಾತು ಕೇಳಿ ಲೋಟದ ಬಾಯಿಯ ಮೇಲೆ ಅಂಗೈ ಇಟ್ಟ. ಆ ಭಾವಚಿತ್ರ ಇಂದಿಗೂ ಇದೆ. ನೀರಡಿಸಿದವನ ಬಿಂದಿಗೆಗೆ ಕೈ ಅಡ್ಡ ಬಂದ ಎಷ್ಟೋ ಕಥೆಗಳನ್ನು ನಮ್ಮ ದೇಶದಲ್ಲೂ ಕೇಳಿದ್ದೇವೆ; ನನಗೆ ನೆನಪಾದದ್ದು ಅವು. ಹೀಗಾಗಿ ಆ ಜನಕ್ಕೆ ಒಂದು ಲೋಟ ಮದ್ಯ ಬರಿಯ ಮದ್ಯವಾಗಿರಲಿಲ್ಲ, ಕುಳಿತುಕೊಳ್ಳುವ ಹಕ್ಕಾಗಿತ್ತು. ಪಾನವಿರೋಧದ ಭಾಷಣ ಬಿಗಿಯುವವರು ಇದನ್ನು ಮೊದಲು ತಿಳಿಯಬೇಕು. ಆದರೆ ಕುಳಿತ ಜಾಗದ ಬಾಡಿಗೆಯನ್ನು ರಾತ್ರಿ ರಾತ್ರಿಯೂ ಕುಡಿದೇ ತೀರಿಸಬೇಕಾದರೆ ಎಷ್ಟು ಮನೆಗಳು ಹಾಳಾದಾವು! ಅದೇ ರಾಡ್‌ವೆಲ್ ಮರುವರ್ಷ, ೧೯೬೭ರಲ್ಲಿ, ಆಸ್ಕರ್ ವೈಲ್ಡನ ಹೆಸರಿನಲ್ಲಿ ಒಂದು ಪುಸ್ತಕದಂಗಡಿ ತೆರೆದ. ತನ್ನವರು ಹಗಲು ಹೊತ್ತಿನಲ್ಲಿ, ಕುಡಿಯದೆ, ಒಬ್ಬರನ್ನೊಬ್ಬರು ಕಾಣಲಿ ಎಂಬುದು ಅವನ ಆಸೆ. ೨೦೦೯ರವರೆಗೆ ಅದು ನಡೆಯಿತು. ನನ್ನ ಶಿಷ್ಯನಿಗೆ ನಾನು ಕೊಟ್ಟ ಲೈಬ್ರರಿಯ ಸಲಹೆ ತೀರ ಹುಚ್ಚಲ್ಲವೆಂದು ಸ್ವಲ್ಪ ಸಮಾಧಾನವಾಯಿತು. ಕುಣಿತಕ್ಕೆ ಮಾತ್ರ ಅಲ್ಲಿಯೂ ಜಾಗವಿರಲಿಲ್ಲ.

ಕುಣಿತದ ಜಾಗ ಬೇರೆ ಕಡೆ ಇತ್ತು. ಅದನ್ನು ಕಂಡುಕೊಂಡವರು ಬಹುಮಟ್ಟಿಗೆ ಕರಿಯರು. ಹಾರ್ಲೆಮ್ ಅವರ ಕೇರಿ. ಅಲ್ಲಿ ಹ್ಯಾಮಿಲ್ಟನ್ ಲಾಡ್ಜ್ ಎಂಬ ಪರಸ್ಪರ ಸಹಾಯದ ಸಂಘ ೧೮೬೯ರಲ್ಲಿ ವರ್ಷಕ್ಕೊಮ್ಮೆಯ ನೃತ್ಯಕೂಟ ಆರಂಭಿಸಿತು. ಕಾಲಕ್ರಮದಲ್ಲಿ ಅದು ವೇಷದವರ ಮಹೋತ್ಸವವೇ ಆಯಿತು. ೧೯೨೦ರ, ೩೦ರ ದಶಕದಲ್ಲಿ ನೂರೈವತ್ತೈದನೆಯ ಬೀದಿಯ ರಾಕ್‌ಲ್ಯಾಂಡ್ ಪ್ಯಾಲೇಸ್ ಸಭಾಂಗಣದಲ್ಲಿ ವಾದ್ಯಗೋಷ್ಠಿ ನುಡಿಯುತ್ತಿದ್ದರೆ, ಗರಿಯ ಕಿರೀಟ, ಮಣಿಯ ಉಡುಪು ತೊಟ್ಟ ಗಂಡಸರು ರಾಣಿಯರಂತೆ ಮೆರವಣಿಗೆ ಬರುತ್ತಿದ್ದರು. ನೋಡಲು ಸಾವಿರಾರು ಜನ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ತನ್ನ ೧೯೪೦ರ ಆತ್ಮಕಥೆಯಲ್ಲಿ ಈ ಬೆರಗನ್ನು ನೆನೆದಿದ್ದಾನೆ. ಕೋಟಿನ ಜೇಬಿನಲ್ಲಿ ಸೀಸೆ ಇಟ್ಟುಕೊಂಡು ಯಾರೂ ಬರಲಿಲ್ಲವೆಂದು ನಾನು ಆಣೆ ಇಡಲಾರೆ. ಆದರೆ ದೀಪದ ಎಣ್ಣೆ ಮದ್ಯದ್ದಲ್ಲ, ಟಿಕೇಟಿನದು. ನಮ್ಮ ಡೇರೆಯ ಆಟದ ಲೆಕ್ಕವೇ.

ಆ ಪರಂಪರೆ ಮುಂದುವರಿಯಿತು. ೧೯೬೭ರ ಒಂದು ವೇಷಸ್ಪರ್ಧೆಯಲ್ಲಿ ಬಿಳಿಯರಿಗೆ ಪಕ್ಷಪಾತವಾಯಿತೆಂದು ಕ್ರಿಸ್ಟಲ್ ಲಾಬೇಜಾ ಎಂಬ ಕರಿಯ ಕಲಾವಿದೆ ಎಲ್ಲರೆದುರಿಗೆ ಸಿಡಿದು ಹೊರನಡೆದಳು. ೧೯೭೨ರಲ್ಲಿ ಹಾರ್ಲೆಮ್ಮಿನಲ್ಲಿ ತನ್ನದೇ 'ಮನೆ' ಕಟ್ಟಿ, ತನ್ನದೇ ಕೂಟ ನಡೆಸಿದಳು. ಮನೆಗೊಬ್ಬಳು ತಾಯಿ, ತಂದೆತಾಯಿ ಹೊರಹಾಕಿದ ಮಕ್ಕಳು ಅವಳಿಗೆ ಮಕ್ಕಳು. ಹಿಂದುಸ್ತಾನಿ ಸಂಗೀತದ ಘರಾಣೆಯೂ ಒಂದು ಮನೆಯೇ ಅಲ್ಲವೆ?

ಈ ಕೂಟಗಳ ವೇಷಗಳಿಗೆ ಬಟ್ಟೆ ಹೊಲಿದು ಮಣಿ ಪೋಣಿಸುತ್ತಿದ್ದ ಇಬ್ಬರು ಹುಡುಗರಿದ್ದರು: ಲ್ಯಾರಿ ಲೆವಾನ್, ಫ್ರ್ಯಾಂಕಿ ನಕಲ್ಸ್. ಸೂಜಿ ಹಿಡಿದ ಆ ಕೈಗಳೇ ಮುಂದೆ ಗ್ರಾಮಫೋನ್ ತಟ್ಟೆ ಹಿಡಿದು ರಾತ್ರಿಯ ಸಂಗೀತದ ದಿಕ್ಕು ತಿರುಗಿಸಿದವು. ಇಬ್ಬರೂ ಕಲಿತದ್ದು ಡೇವಿಡ್ ಮಾಂಕೂಸೊ ಎಂಬಾತನ ಮನೆಯಲ್ಲಿ.

ಮಾಂಕೂಸೊ ಅನಾಥಾಲಯದಲ್ಲಿ ಬೆಳೆದವನು. ಅಲ್ಲಿನ ಸನ್ಯಾಸಿನಿಯೊಬ್ಬಳು ಮಕ್ಕಳಿಗಾಗಿ ಬಲೂನು ಕಟ್ಟಿ, ತಟ್ಟೆ ಹಾಕಿ, ಹಣ್ಣಿನ ರಸ ಕೊಟ್ಟು ಹಬ್ಬ ಮಾಡುತ್ತಿದ್ದಳು. ದೊಡ್ಡವನಾದ ಮೇಲೆ ೧೯೭೦ರ ಫೆಬ್ರವರಿ ೧೪ರಂದು ಬ್ರಾಡ್‌ವೇಯಲ್ಲಿದ್ದ ತನ್ನ ವಾಸದ ಮಾಳಿಗೆಯಲ್ಲೇ ಅವನು ಸ್ನೇಹಿತರಿಗೆ ಅಂಥದೇ ಹಬ್ಬ ಮಾಡಿದ. ಅದೇ ಬಲೂನು, ಅದೇ ಹಣ್ಣು. ಮದ್ಯ ಮಾರಲಿಲ್ಲ. ಕರೆದವರು ಬಂದು ತಮ್ಮ ಪಾಲಿನ ಕಾಣಿಕೆ ಕೊಟ್ಟು ಬೆಳಗಿನವರೆಗೆ ಕುಣಿದರು. ನಗರದ ಅಧಿಕಾರಿಗಳು ಲೈಸೆನ್ಸು ಎಲ್ಲಿ ಎಂದು ಹಿಡಿದುಕೊಂಡರು. ವಿಚಾರಣೆ ನಡೆದು ೧೯೭೫ರಲ್ಲಿ ತೀರ್ಮಾನ ಹೊರಬಿತ್ತು: ಇವನು ಸಾರ್ವಜನಿಕರಿಗೆ ಅನ್ನಪಾನ ಮಾರುತ್ತಿಲ್ಲ, ಆದ್ದರಿಂದ ಲೈಸೆನ್ಸು ಬೇಡ. ಯಾವ ಕಾಯಿದೆಯ ಹಗ್ಗ ಆ ಜನರನ್ನು ಬಾರಿಗೆ ಕಟ್ಟಿತ್ತೋ, ಮದ್ಯವನ್ನು ಕೈಬಿಟ್ಟೊಡನೆ ಆ ಹಗ್ಗ ಸಡಿಲವಾಯಿತು. ನನಗೆ ಈ ಕಥೆಯಲ್ಲಿ ಬಹಳ ಮೆಚ್ಚಿಗೆಯಾದ ಘಟ್ಟ ಇದು.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಪ್ಯಾರಡೈಸ್ ಗರಾಜ್. ಕಿಂಗ್ ಬೀದಿಯ ೮೪ನೆಯ ನಂಬರು, ಮೊದಲು ಕಾರು ನಿಲ್ಲಿಸುತ್ತಿದ್ದ ಕಟ್ಟಡ. ೧೯೭೭ರಿಂದ ೧೯೮೭ರ ಸೆಪ್ಟೆಂಬರಿನವರೆಗೆ ನಡೆಯಿತು. ಸದಸ್ಯರಿಗೆ ಚೀಟಿ, ಅವರ ಜೊತೆ ಬಂದವರಿಗೆ ಪ್ರವೇಶ. ಒಳಗೆ ಹಣ್ಣು, ಪಾನಕ. ನ್ಯೂಯಾರ್ಕಿನಲ್ಲಿ ಬಾರುಗಳು ಬೆಳಗಿನ ನಾಲ್ಕಕ್ಕೆ ಬಾಗಿಲು ಹಾಕಬೇಕು. ಮದ್ಯವಿಲ್ಲದ ಗರಾಜಿಗೆ ಆ ಗಡಿಯಾರವೂ ಇಲ್ಲ. ಸೂರ್ಯೋದಯವಾಗಿ ಎಷ್ಟೋ ಹೊತ್ತಾದ ಮೇಲೆ ಜನ ಬೆವರಿನಲ್ಲಿ ತೊಯ್ದು ಹೊರಗೆ ಬರುತ್ತಿದ್ದರು. ತಟ್ಟೆ ನಡೆಸುವವನು ಲೆವಾನ್. ವೇದಿಕೆಗೆ ಗ್ರೇಸ್ ಜೋನ್ಸ್, ಲೋಲೀಟ ಹಾಲೊವೇಯಂಥ ಗಾಯಕಿಯರು ಸ್ವತಃ ಬಂದು ಹಾಡಿದರು. ನಕಲ್ಸ್ ಷಿಕಾಗೋಗೆ ಹೋಗಿ ವೇರ್‌ಹೌಸ್ ಎಂಬ, ಅಂಥದೇ ಹಣ್ಣಿನ ರಸದ ಜಾಗದಲ್ಲಿ ಕುಳಿತ. ಇಂದು ಲೋಕವೆಲ್ಲ ಕೇಳುವ 'ಹೌಸ್' ಸಂಗೀತಕ್ಕೆ ಹೆಸರು ಬಂದದ್ದು ಆ ವೇರ್‌ಹೌಸಿನಿಂದ.

ಮದ್ಯವಿರಲಿಲ್ಲ ಎಂದರೆ ಅಲ್ಲಿದ್ದವರೆಲ್ಲ ಋಷಿಗಳು ಎಂದು ತಿಳಿಯಬೇಡಿ. ಬೇರೆ ಅಮಲುಗಳು ಅಲ್ಲಿದ್ದವು. ಲೆವಾನನೇ ಅದರಿಂದ ಕೆಟ್ಟು ೧೯೯೨ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಇದನ್ನು ಮುಚ್ಚಿಟ್ಟು ಹೊಗಳಿದರೆ ಸುಳ್ಳಾದೀತು. ಆದರೂ ಏಡ್ಸ್ ರೋಗಕ್ಕೆ ಇನ್ನೂ ಹೆಸರು ಕೂಡ ಇಲ್ಲದಿದ್ದ ೧೯೮೨ರ ಏಪ್ರಿಲ್‌ನಲ್ಲಿ, ಸಾಯುತ್ತಿದ್ದ ಗೆಳೆಯರಿಗಾಗಿ ಹಣ ಕೂಡಿಸುವ ಕೂಟ ನಡೆದದ್ದು ಈ ಗರಾಜಿನಲ್ಲೇ.

ಇದೆಲ್ಲ ಓದಿದ ಮೇಲೆ ಶಿಷ್ಯನಿಗೆ ಪತ್ರ ಬರೆದೆ: ಇಷ್ಟೆಲ್ಲ ಆಗಿಹೋಗಿದೆಯಲ್ಲ, ಮತ್ತೆ ನಿನಗೆ ಜಾಗವಿಲ್ಲ ಎನ್ನುವುದೇಕೆ? ಅವನ ಉತ್ತರ ಲೆಕ್ಕದ ಮೇಷ್ಟ್ರ ಉತ್ತರದಂತಿತ್ತು. ಈಗ ಪೊಲೀಸರ ಕಾಟವಿಲ್ಲ, ಮಾಫಿಯಾ ಇಲ್ಲ, ಬಾಡಿಗೆ ಇದೆ. ಡ್ರ್ಯಾಗ್ ಕಲಾವಿದೆಗೆ, ಹಾಡುವವರಿಗೆ ಸಂಬಳ ಕೊಡುವುದು ಬಾರು. ಬಾರಿಗೆ ಹಣ ಬರುವುದು ಲೋಟದಿಂದ. ಕುಡಿಯುವವನು ರಾತ್ರಿಗೆ ನಾಲ್ಕು ಲೋಟ ಕೊಂಡರೆ, ಶುಂಠಿ ಷರಬತ್ತಿನವನು ಒಂದನ್ನೇ ಹಿಡಿದು ಮೂರು ಗಂಟೆ ಕೂರುತ್ತಾನೆ. ಹೀಗಾಗಿ ಕುಡಿಯದವನನ್ನು ಯಾರೂ ಹೊರಗಟ್ಟದಿದ್ದರೂ ಅವನು ಬೇಡವಾದ ಗಿರಾಕಿ. ನಮ್ಮ ಬೆಂಗಳೂರಿನ ಹೋಟೆಲು, ಪಬ್ಬುಗಳಲ್ಲಿಯೂ ಈಚೆಗೆ ಡ್ರ್ಯಾಗ್ ಪ್ರದರ್ಶನಗಳು ನಡೆಯುತ್ತವೆ. ಲೋಟ ಮಾರಿ ಬದುಕುವ ಜಾಗಗಳಲ್ಲಿ ಲೆಕ್ಕ ಬೇರೆಯಾಗಿರಲಾರದು.

ಆದರೂ ಪ್ರಯತ್ನಗಳು ನಡೆಯುತ್ತಿವೆ. ಲಂಡನ್ನಿನಲ್ಲಿ ೨೦೨೧ರ ಡಿಸೆಂಬರಿನಲ್ಲಿ ಈ ಸಮುದಾಯಕ್ಕೆಂದೇ ತೆರೆದ ಕೇಂದ್ರ ಮದ್ಯರಹಿತವೆಂದೇ ಹೊರಟಿತು. ನ್ಯೂಯಾರ್ಕಿನಲ್ಲಿ ಹದಿಮೂರನೆಯ ಬೀದಿಯ ಹಳೆಯ ಶಾಲೆಯ ಕಟ್ಟಡದಲ್ಲಿ ೧೯೮೩ರಲ್ಲಿ ಹುಟ್ಟಿದ ಕೇಂದ್ರವೊಂದಿದೆ. ಕುಡಿತ ಬಿಡುವವರ ಸಭೆಗಳು ಅಲ್ಲಿ ನಡೆಯುತ್ತ ಬಂದಿವೆ. ಶಾಲೆಯ ಕಟ್ಟಡ ಎಂದು ಓದಿ ನನಗೆ ಸಂತೋಷವಾಯಿತೆಂದು ಬೇರೆ ಹೇಳಬೇಕಿಲ್ಲ.

ನನ್ನ ಶಿಷ್ಯ ಮತ್ತು ಅವನ ಏಳೆಂಟು ಗೆಳೆಯರು ಸೇರಿ ತಾವೇ ಒಂದು ಸಣ್ಣ ಸಭಾಂಗಣ ಹಿಡಿದಿದ್ದಾರೆ. ಪಿಯಾನೊ ಒಬ್ಬರು, ದೊಡ್ಡ ಪಿಟೀಲು ಒಬ್ಬರು, ತಾಳವಾದ್ಯ ಒಬ್ಬರು. ವೇಷದವಳು ಮುದ್ರಿತ ಹಾಡಿಗೆ ತುಟಿ ಕುಣಿಸದೆ ಸ್ವಂತ ಕಂಠದಲ್ಲಿ ಹಾಡುತ್ತಾಳೆ. ಮೊದಲ ರಾತ್ರಿ ಒಂದು ಗಂಟೆ ಹೊತ್ತು ಯಾರೂ ಗೋಡೆ ಬಿಟ್ಟು ಅಲುಗಲಿಲ್ಲವಂತೆ. ಲೋಟ ಹಿಡಿದು ರೂಢಿಯಾದವರಿಗೆ ಬರಿಗೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಎರಡನೆಯ ಸಲ ಇವರು ಉಪಾಯ ಮಾಡಿದರು: ಬಂದವರ ಕೈಗೆಲ್ಲ ಕೆಲಸ. ಒಬ್ಬ ಹಣ್ಣು ಹೆಚ್ಚಬೇಕು, ಒಬ್ಬ ಕುರ್ಚಿ ಹಾಕಬೇಕು, ಒಬ್ಬಳು ದೀಪದ ಸರ ಕಟ್ಟಬೇಕು. ನಮ್ಮ ಮದುವೆಮನೆಯಲ್ಲಿ ಅಪರಿಚಿತ ಬೀಗರು ಹತ್ತಿರವಾಗುವುದು ತರಕಾರಿ ಹೆಚ್ಚುವಾಗಲೇ ಅಲ್ಲವೆ? ವೇಷದವಳು ಅವನಿಗೆ ಹೇಳಿದಳಂತೆ: ಕುಡಿಯದ ಸಭಿಕರು ಎರಡು ಕ್ಷಣ ತಡವಾಗಿ ನಗುತ್ತಾರೆ, ಆದರೆ ಮರುವಾರ ಬಂದು ಆ ಮಾತನ್ನು ನನಗೇ ಒಪ್ಪಿಸುತ್ತಾರೆ.

ಟಿಕೇಟಿನಿಂದ ಖರ್ಚು ಹುಟ್ಟಲಿಲ್ಲ. ಗರಾಜಿನ ದಾರಿ ಹಿಡಿದು ತಿಂಗಳ ವಂತಿಗೆ ಇಟ್ಟರು. ಮೂವತ್ತೊಂದು ಜನ ಸದಸ್ಯರಾಗಿದ್ದಾರೆ. ಶನಿವಾರದ ಬಾಡಿಗೆ ಎಟುಕದೆ ಕೂಟವನ್ನು ಬುಧವಾರಕ್ಕೆ ಬದಲಾಯಿಸಿದ್ದಾರೆ. ಮರುದಿನ ಎಲ್ಲರಿಗೂ ಕೆಲಸ. ಆದ್ದರಿಂದ ಹತ್ತೂವರೆಗೆ ಮಂಗಳ. ನಮ್ಮ ಮೇಳಗಳೂ ಈಗ ಕಾಲಮಿತಿಗೆ ಇಳಿದಿವೆಯಷ್ಟೆ ಎಂದು ನಾನು ಸಮಾಧಾನ ಹೇಳಿದೆ.

ಕಳೆದ ತಿಂಗಳು ಒಂದು ಭಾವಚಿತ್ರ ಕಳಿಸಿದ್ದಾನೆ. ಈ ಸಲ ವೇಷ ಕಟ್ಟಿದವನು ಅವನೇ. ದೀಪಾವಳಿಗೆ ಬಂದಾಗ ತಾಯಿಯಿಂದ ಕೇಳಿ ಒಯ್ದ ಹಳೆಯ ಮೈಸೂರು ರೇಷ್ಮೆ ಸೀರೆ. ನಾನು ಬಹಳ ಹೊತ್ತು ನೋಡಿ ಹೆಂಡತಿಯ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೆರಿಗೆ ಸಡಿಲ ಆಗಿದೆ. ಕುಣಿಯುವಾಗ ಕಾಲಿಗೆ ಸಿಕ್ಕೀತು, ಪಿನ್ನು ಹಾಕಲಿಕ್ಕೆ ಬರೆಯಿರಿ" ಎಂದಳು.

ಅಂದೇ ಬರೆದೆ.